ಕೊಂಬಿನಲ್ಲಿ ಉಳಿದ ಜವಾರಿ

ಏಳನೆಯ ತಂಬೂರಿಯೂ ಆರನೆಯದರ ಹಾಗೆಯೇ ನುಡಿದಾಗ ಬಾಬಾಲಾಲನಿಗೆ ಸಂತೋಷವಾಗಬೇಕಿತ್ತು. ಪುಣೆಯ ಓಸವಾಳ ಶೇಟ್ ಕೇಳಿದ್ದೇ ಅದನ್ನು: ಹನ್ನೆರಡು ತಂಬೂರಿ, ಹನ್ನೆರಡಕ್ಕೂ ಒಂದೇ ದನಿ, ತಿಂಗಳ ಕೊನೆಯೊಳಗೆ. ಆದರೆ ತಂತಿಯ ಮೇಲಿಂದ ಬೆರಳು ತೆಗೆದ ಕೂಡಲೇ ಈಗ ಕೇಳಿದ್ದು ಆರನೆಯದೋ ಏಳನೆಯದೋ ಎಂಬುದೇ ಮರೆತುಹೋಗಿ, ಅವನು ಉಜ್ಜುವ ಅರವಾದ ಕಾನಸನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಸೋರೆಯ ಬುರುಡೆ ಒಣಗಿಸುವವರು, ಕಟ್ಟಿಗೆ ಕೆತ್ತುವವರು, ಬಣ್ಣ ಕೊಡುವವರು ಮಿರಜಿನ ಆ ಗಲ್ಲಿಯಲ್ಲಿ ಬೇಕಾದಷ್ಟು ಜನ. ಬಾಬಾಲಾಲನದು ಕುದುರೆಯ ಕೆಲಸ. ನಾಲ್ಕು ತಂತಿಗಳು ಹಾದುಹೋಗುವ ಆ ಪುಟ್ಟ ಪೀಠದ ಬೆನ್ನನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಉಜ್ಜಿ, ತಂತಿ ಅದರ ಮೇಲೆ ಕೂತೂ ಕೂಡದ ಹಾಗೆ ಮಾಡಿದರೆ, ಟಣ್ ಎಂದು ಸತ್ತುಹೋಗುತ್ತಿದ್ದ ದನಿ ಜೇನುಗೂಡಿನ ಹಾಗೆ ಗುಂಯ್ಗುಡುತ್ತದೆ. ಅದನ್ನೇ ಜವಾರಿ ಬಿಚ್ಚುವುದು ಅನ್ನುತ್ತಾರೆ. ಮೂವತ್ತೆಂಟು ವರ್ಷ ಅವನು ಬಿಚ್ಚಿದ್ದೇ ಬಿಚ್ಚಿದ್ದು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ನಗುತ್ತಾರಲ್ಲ, ಆ ದಾಸನಿಗಾದರೂ ಹಾಡು ಅವನದಾಗಿರುತ್ತದೆ. ನಿನ್ನೆ ಐದನೆಯ ತಂಬೂರಿಯ ತಂತಿ ಫಟ್ಟನೆ ಹರಿದಾಗ, ಹೊಸ ತಂತಿ ಏರಿಸುವ ತನಕ ಕೇಳುವುದು ತಪ್ಪಿತಲ್ಲ ಎಂದು ಅವನಿಗೆ ಖುಷಿಯಾಗಿತ್ತು. ಹಮೀದಸಾಹೇಬರ ಮಗನಿಗೆ ತಂತಿ ಹರಿದರೆ ಖುಷಿ! ನೆನೆಸಿಕೊಂಡರೆ ಈಗಲೂ ಕಿವಿಯ ತುದಿ ಬಿಸಿಯಾಗುತ್ತಿತ್ತು.

ಮೂಲೆಯಲ್ಲಿ ಹಳೆಯ ಒಂಬತ್ತು ಗಜದ ಸೀರೆಗಳಿಂದ ಹೊಲಿದ ಕೌದಿಯ ಗವಸು ತೊಟ್ಟು ಗಾಯಕಿ ಇಂದುಮತಿಬಾಯಿಯವರ ತಂಬೂರಿ ನಿಂತಿತ್ತು. ಬೆಳಗಿನಿಂದ ಅವನು ಆ ಕಡೆ ಬೆನ್ನು ಮಾಡಿಯೇ ಕೂತಿದ್ದ. ಆದರೂ ಅಂಗಡಿಗೆ ಬಂದು ಮಾತಾಡದೆ ಕಾಯುವ ಹಿರಿಯರ ಹಾಗೆ ಅದು ಬೆನ್ನಿಗೆ ತಾಕುತ್ತಲೇ ಇತ್ತು. ಮೊನ್ನೆ ಬಾಯಿ ಸಾಂಗಲಿಯಿಂದ ರಿಕ್ಷಾ ಮಾಡಿಕೊಂಡು ತಾವೇ ಬಂದಿದ್ದರು. ಎದುರಿನ ಕಟ್ಟೆಯ ಮೇಲೆ ಗಲ್ಲಿಯ ಮೂರು ಜನ ಚಹಾ ಕುಡಿಯುತ್ತಿದ್ದರು. ಮುದುಕಿ ಮೆಟ್ಟಿಲ ಮೇಲೆಯೇ ಕೂತು, ಗವಸು ತೆಗೆದು, ನಾಲ್ಕು ತಂತಿಯನ್ನೂ ಒಮ್ಮೆ ಮೀಟಿ, ಅವನ ಮುಖ ನೋಡಿದ್ದರು.

"ಬಾಬಾಲಾಲ, ಇದಕ್ಕೇನ್ ಮಾಡೀಯೋ?"

"ಯಾಕ್ರಿ ಬಾಯಿ? ಜವಾರಿ ಛಲೋ ಬಿಚ್ಚೇತಲ್ರಿ."

"ಬಿಚ್ಚೇದ. ನಿಮ್ಮ ಅಂಗಡ್ಯಾಗ ಕರೆಂಟಿನ ಮ್ಯಾಲೆ ಕೂಗತದಲ್ಲಾ ಆ ಡಬ್ಬಿ, ಅದರ ತಂಗಿ ಆಗೇದ ಇದು. ನಾ ಹಾಡಿದ್ರೂ ಕೂಗತದ, ನಿಂತ್ರೂ ಕೂಗತದ. ನಾ ಯಾತಕ್ಕ ಬೇಕು ಇದಕ್ಕ?"

ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಯಾರೆಂದು ಬಾಬಾಲಾಲ ತಿರುಗಿ ನೋಡಲಿಲ್ಲ. ನೋಡಿದ್ದರೆ ಆಮೇಲೆ ದಿನವೂ ಆ ಮುಖಕ್ಕೆ ಸಲಾಂ ಹೇಳಬೇಕಾಗುತ್ತಿತ್ತು. ಬಾಯಿ ಸಿಟ್ಟಾಗಿರಲಿಲ್ಲ, ಅದೇ ಕಷ್ಟ. "ಐತವಾರ ಎಪ್ಪತ್ತೈದು ತುಂಬಿದ್ದಕ್ಕ ನನ್ನ ಕಡೆ ಕಲಿಯೋ ಹುಡುಗ್ಯಾರು ಹಾಡಕೀ ಇಟ್ಟಾರ. ಇದನ್ನ ಹಿಡಕೊಂಡು ಕೂಡತೀನಿ, ಇಲ್ಲಾಂದ್ರ ಕೂಡೂದಿಲ್ಲ. ಕುದುರಿ ಮಾತ್ರ ಬದಲಿ ಮಾಡಬ್ಯಾಡಪಾ. ಅದು ಹಮೀದಸಾಹೇಬರ ಕೈ" ಎಂದು ಹೇಳಿ ಅದೇ ರಿಕ್ಷಾದಲ್ಲಿ ಹೋಗಿದ್ದರು. ಮಾಡಿಕೊಡುತ್ತೇನೆ ಎಂದು ಅವನು ಹೇಳಿದ್ದನೋ ಇಲ್ಲವೋ, ಈಗ ನೆನಪಾಗುತ್ತಿಲ್ಲ. ತಲೆಯನ್ನಂತೂ ಆಡಿಸಿರಬೇಕು. ಗಿರಾಕಿಗಳ ಮುಂದೆ ಅವನ ತಲೆ ತಾನಾಗಿಯೇ ಆಡುತ್ತದೆ.

ಆ ಕುದುರೆಯ ಬೆನ್ನು ಜಿಂಕೆಯ ಕೊಂಬಿನದು. ಕಾಡಿನಲ್ಲಿ ಉದುರಿಬಿದ್ದ ಕೊಂಬು ಸಂತೆಗೆ ಬರುತ್ತಿದ್ದ ಕಾಲದಲ್ಲಿ ಅವನ ಅಬ್ಬಾ ಹಮೀದಸಾಹೇಬರು ಆರಿಸಿ ತಂದಿದ್ದು. ಈಗ ಅಂಥದ್ದು ಸಿಗುವುದಿಲ್ಲ, ಸಿಕ್ಕರೂ ಮುಟ್ಟುವಂತಿಲ್ಲ. ಹೊಸ ಕುದುರೆಗಳೆಲ್ಲ ಒಂಟೆಯ ಎಲುಬಿನವು. ಕೆಟ್ಟವೇನಲ್ಲ, ಆದರೆ ಕೊಂಬಿನ ಹಾಗೆ ತಂತಿಗೆ ಬೇಗ ಸಲಿಗೆ ಕೊಡುವುದಿಲ್ಲ. ಒಂದೊಂದು ಸಲ ಜವಾರಿ ಬಿಚ್ಚಿದಾಗಲೂ ಕಾನಸು ತನ್ನ ಪಾಲನ್ನು ತಿಂದುಕೊಂಡೇ ಹೋಗುತ್ತದೆ. ಅಬ್ಬಾ ಇಟ್ಟಾಗ ಬೆಳ್ಳಿ ರೂಪಾಯಿಯ ದಪ್ಪವಿದ್ದದ್ದು ಇವತ್ತು ಉಗುರಿನಷ್ಟು ಉಳಿದಿತ್ತು. ಬಾಯಿ ಹೋದಮೇಲೆ ಬಾಬಾಲಾಲ ಬಾಗಿಲು ಅರ್ಧ ಎಳೆದುಕೊಂಡು ಅದನ್ನು ಬೆಳಕಿಗೆ ಹಿಡಿದು ನೋಡಿದ್ದ. ಅಡಿಯ ಕಟ್ಟಿಗೆಯ ಕಪ್ಪು ಕೊಂಬಿನೊಳಗಿಂದ ಮಬ್ಬಾಗಿ ಕಾಣುತ್ತಿತ್ತು. ಇನ್ನು ಒಂದು ಜವಾರಿ ಬಿಚ್ಚುವಷ್ಟು. ಎರಡಿಲ್ಲ. ಆ ಒಂದು ಕೈತಪ್ಪಿದರೆ ತಂತಿ ಕಟ್ಟಿಗೆಗೆ ಬಡಿದು ಒಡಕು ಮಡಕೆಯ ಸದ್ದು ಬರುತ್ತದೆ, ಆಮೇಲೆ ಅದು ಯಾರ ಕೈಯಾಗಿದ್ದರೇನು? ಉಳಿದಿದ್ದ ಎರಡು ಜವಾರಿಗಳಲ್ಲಿ ಒಂದನ್ನು ಕಳೆದ ತಿಂಗಳು ಅವನೇ ಹಾಳುಮಾಡಿದ್ದ. ಅದೂ ಹೇಗೆ? ಡಬ್ಬಿಯ ದನಿಗೆ ಹೊಂದಿಸಿ.

ಕರೆಂಟಿನಲ್ಲಿ ತಂಬೂರಿಯ ದನಿ ಹೊರಡಿಸುವ ಆ ಡಬ್ಬಿ ಬಂದು ನಾಲ್ಕು ವರ್ಷವಾಗಿತ್ತು. ತಂಬೂರಿ ಕೊಳ್ಳಲು ಬಂದವರು ಮೊಬೈಲು ತೆಗೆದು ಅದರೊಳಗಿನ ತಂಬೂರಿ ಹಚ್ಚಿ, "ಹಿಂಗ ನುಡಿಬೇಕ್ರಿ" ಅನ್ನುತ್ತಿದ್ದರು. ಮೊದಮೊದಲು ಬಾಬಾಲಾಲ ಅಂಥವರನ್ನು ಮೆಟ್ಟಿಲಿಂದಲೇ ಕಳಿಸುತ್ತಿದ್ದ. ಆಮೇಲೆ ಕಳಿಸುವುದಕ್ಕೂ ದಣಿವಾಯಿತು. ಒಂದು ಡಬ್ಬಿಯನ್ನು ತಾನೇ ತಂದಿಟ್ಟುಕೊಂಡು, ಬೆಳಿಗ್ಗೆ ಗುಂಡಿ ಒತ್ತಿ, ಅದರ ದನಿ ಬರುವವರೆಗೆ ಉಜ್ಜುವುದು, ಬಂದಕೂಡಲೇ ನಿಲ್ಲಿಸುವುದು ಎಂದು ಮಾಡಿಕೊಂಡ. ಎಷ್ಟು ಸಲೀಸು! ಒಂದು ತಂಬೂರಿಗೆ ಅರ್ಧ ದಿನ ಹಿಡಿಯುತ್ತಿದ್ದದ್ದು ಒಂದು ತಾಸಿಗೆ ಇಳಿಯಿತು. ಕೇಳಬೇಕಾದ ಅಗತ್ಯವೇ ಇಲ್ಲ, ಎರಡೂ ಒಂದರೊಳಗೊಂದು ಮುಳುಗಿ ಬೇರೆಬೇರೆಯಾಗಿ ಕೇಳದೆ ಹೋದರೆ ಕೆಲಸ ಮುಗಿದ ಹಾಗೆ. ಅಬ್ಬಾ ಒಂದು ತಂಬೂರಿಗೆ ಕೂತರೆ ನಡುವೆ ನಾಲ್ಕು ಸಲ ಎದ್ದು ಹೊರಗೆ ಹೋಗಿಬರುತ್ತಿದ್ದರು. ಬೀಡಿ ಸೇದುವವರಲ್ಲ, ಏನಿಲ್ಲ, ಸುಮ್ಮನೆ ಗಲ್ಲಿಯ ತುದಿಯವರೆಗೆ ಹೋಗಿ ಬರುವುದು. "ಕಿವೀನೂ ಬಾಯಿ ಹಂಗ ಮುಕ್ಕಳಿಸಬೇಕಲ್ಲೋ" ಅನ್ನುತ್ತಿದ್ದರು. ಹದಿನೆಂಟರ ಬಾಬಾಲಾಲನಿಗೆ ಆಗ ಅದು ಸೋಮಾರಿತನದಂತೆ ಕಂಡಿತ್ತು. ಈಗ ಅವನು ಬೆಳಗಿನಿಂದ ಸಂಜೆಯವರೆಗೆ ಏಳುವುದೇ ಇಲ್ಲ. ಊಟಕ್ಕೆ ಕೂತಾಗಲೂ ಕುಕ್ಕರಿನ ಸಿಳ್ಳೆ, ಮೋಟಾರಿನ ಸದ್ದು, ಬಾಂಗಿನ ದನಿ ಎಲ್ಲವೂ ಡಬ್ಬಿಯ ಶ್ರುತಿಯ ಮೇಲೆಯೇ ಬಂದು ಕೂರುತ್ತವೆ. ಹಿಂದೊಮ್ಮೆ ನಾಲ್ಕು ಊರಿನ ಗವಾಯಿಗಳು ಕೈಮುಗಿದು ಕಾಯುತ್ತಿದ್ದ ಕಿವಿ ಇದು.

ಒಳಗಿನಿಂದ ಜೈತೂನ್ ರೊಟ್ಟಿ, ಝುಣಕದ ತಾಟು ಹಿಡಿದು ಬಂದಳು. ಬುರುಡೆಗಳ ಮೇಲೆ ಹೂಬಳ್ಳಿ ಬರೆಯುವುದು ಅವಳ ಕೆಲಸ, ಮುಂಗೈವರೆಗೆ ಬಿಳಿ ಬಣ್ಣ ಮೆತ್ತಿತ್ತು. ಅವಳು ತಾಟನ್ನು ಕೆಳಗಿಟ್ಟವಳೇ ಗೋಡೆಯ ಬಳಿ ಹೋಗಿ ಡಬ್ಬಿಯ ಗುಂಡಿ ಒತ್ತಿದಳು. ಅಂಗಡಿಯ ತುಂಬ ಒಮ್ಮೆಲೇ ಬಾವಿಯ ತಳದಂಥ ಮೌನ ಬಿತ್ತು.

"ಯಾಕ ಬಂದ್ ಮಾಡಿದಿ?"

"ನನ್ನ ತೆಲಿ ಗಿರಗಿರ ತಿರಗಾಕ ಹತ್ತೇತಿ. ನಾಕ ವರ್ಷಾತು, ಸವತಿ ಕೂಡ ಸಂಸಾರ ಮಾಡಿದಂಗ ಆಗೇತಿ ನನಗ." ಅವಳು ಮೂಲೆಯ ಗವಸಿನ ಕಡೆ ಗದ್ದ ತೋರಿಸಿದಳು. "ಅದಕ್ಕ ಏನ್ ಮಾಡವ್ರು?"

"ಏನ್ ಮಾಡ್ಲಿ?"

"ಎಲುಬಿನ ಕುದುರಿ ಹಾಕಿ ಕೊಟ್ಟ ಬಿಡ್ರಿ. ಮ್ಯಾಲ ಒಂದೀಟು ಚಹಾದ ನೀರು ಸವರಿದ್ರ ಹಳೇದರಂಗ ಕಾಣತೈತಿ. ಎಪ್ಪತ್ತೈದರ ಮುದುಕಿ, ಆಕಿಗೇನು ತಿಳೀತೈತಿ?"

"ಏಯ್!" ಅವನ ದನಿ ಅವನಿಗೇ ಗಾಬರಿಯಾಗುವಷ್ಟು ಎದ್ದಿತ್ತು. "ಆಕಿಗೆ ತಿಳೀತೈತಿ. ಇಡೀ ಜಿಲ್ಲಾದಾಗ ಯಾರಿಗೆ ತಿಳೀದಿದ್ರೂ ಆಕಿಗೆ ತಿಳೀತೈತಿ."

"ಮತ್ತ ನಿಮಗ?"

ಜೈತೂನ್ ಇದನ್ನು ಚುಚ್ಚುವುದಕ್ಕೆ ಕೇಳಲಿಲ್ಲ. ಬಣ್ಣದ ಕೈಯನ್ನು ಸೆರಗಿಗೆ ತಾಕದ ಹಾಗೆ ಮೇಲೆ ಹಿಡಿದುಕೊಂಡು, ಜ್ವರ ಬಂದವನ ಹಣೆ ಮುಟ್ಟಿ ನೋಡುವಂತೆ ಕೇಳಿದಳು. ಅವನು ರೊಟ್ಟಿ ಮುರಿದ, ಬಾಯಿಗಿಡಲಿಲ್ಲ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಅವನ ಕೆಲಸದ ಬಗ್ಗೆ ತುಟಿ ಎರಡು ಮಾಡಿದವಳಲ್ಲ. "ಒಂದ್ ಮಾತು ಹೇಳಲೇನು? ನೀವು ಮದಲ ಒಂದ ತಂಬೂರಿ ಮುಗಿಸಿದ್ರ ಒಳಗ ಬಂದು ನನ್ನ ಕರೀತಿದ್ರಿ. 'ಬಾ, ಕೇಳು ಬಾ' ಅಂತಿದ್ರಿ. ನನಗೇನು ತಿಳೀತಿತ್ತು, ಹೂಂ ಅಂತಿದ್ನಿ. ಆದ್ರ ಕರೀತಿದ್ರಿ. ಈಗ ಯಾವಾಗ ಮುಗೀತಾವು, ಯಾವಾಗ ಪುಣೆಕ್ಕ ಹೋಗತಾವು, ನನಗ ಗೊತ್ತ ಆಗೂದಿಲ್ಲ" ಎಂದು ಹೇಳಿ ಅವಳು ಒಳಗೆ ಹೋದಳು. ಬಾಬಾಲಾಲ ಮೂಲೆಯ ಗವಸು ತೆಗೆದ. ಕಾನಸು ಕೈಗೆತ್ತಿಕೊಂಡ. ಕೊಂಬಿನ ಮೇಲೆ ಇಟ್ಟ. ಕೈ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಆದರೆ ಎಲ್ಲಿಗೆ ಹೋಗಬೇಕೆಂಬುದೇ ಅದಕ್ಕೆ ತಿಳಿದಿರಲಿಲ್ಲ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ. ಅವನು ಕಾನಸು ಎತ್ತಿದ. ಆಗುವುದಿಲ್ಲ ಬಾಯಿ ಎಂದು ಹೇಳಿ ವಾಪಸು ಕೊಟ್ಟುಬರುವುದೇ ಮರ್ಯಾದೆ ಎನ್ನಿಸಿತು. ಸುಳ್ಳು ಕುದುರೆ ಏರಿಸುವುದಕ್ಕಿಂತ ಅದು ವಾಸಿ. ಅಷ್ಟು ಸೊಕ್ಕು ಇನ್ನೂ ಅವನಲ್ಲಿ ಉಳಿದಿತ್ತು.

ಸಾಂಗಲಿಯ ಬಸ್ಸಿನಲ್ಲಿ ತಂಬೂರಿಯನ್ನು ಎರಡು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತಾಗ ಕಂಡಕ್ಟರು, "ಏನ್ ಚಾಚಾ, ಚಾಚೀಗೆ ಬುರಕಾ ಹಾಕಿ ಕರಕೊಂಡು ಹೊಂಟೀರಿ, ಟಿಕೀಟು ಎರಡ ಕೊಡ್ಲ್ಯಾ?" ಎಂದ. ಮುಂದಿನ ಸೀಟಿನವರು ನಕ್ಕರು. ಬೇರೆ ದಿನವಾಗಿದ್ದರೆ ಬಾಬಾಲಾಲ, "ಇದು ಮಾತಾಡಿದ್ರ ನಿನ್ನ ಸೀಟಿ ಬಂದ್ ಆಗತೈತಿ ಮಗನ" ಎಂದು ತಿರುಗಿ ಕೊಡುತ್ತಿದ್ದ. ಇವತ್ತು ಕಿಟಕಿಯ ಕಡೆ ಮುಖ ಮಾಡಿದ. ಬಸ್ಸು ತಗ್ಗಿಗೆ ಬಿದ್ದಾಗಲೆಲ್ಲ ಗವಸಿನೊಳಗಿಂದ ಒಂದೊಂದು ತಂತಿ ಮಿಡುಕುತ್ತಿತ್ತು. ಬೇಡವೆಂದರೂ ಕಿವಿ ಆ ಕಡೆ ಹೋಗುತ್ತಿತ್ತು. ಅಲ್ಲಿ ಡಬ್ಬಿ ಇರಲಿಲ್ಲ, ಹೊಂದಿಸುವುದಕ್ಕೆ ಏನೂ ಇರಲಿಲ್ಲ. ಬಸ್ಸಿನ ಗಡಗಡದ ನಡುವೆ ಎಲ್ಲಕ್ಕಿಂತ ಕೆಳದನಿಯ ಖರ್ಜದ ತಂತಿ ಒಮ್ಮೆ ತಾನೇ ತಾನಾಗಿ ಗುಂಯ್ಯೆಂದು, ಎಷ್ಟೋ ಹೊತ್ತು ಎಳೆದು, ನಿಂತಿತು. ನಿಂತಮೇಲೆ ಅದು ನಿಂತಿದೆ ಎಂಬುದು ಅವನಿಗೆ ಗೊತ್ತಾಯಿತು. ಅದೆಂಥ ದೊಡ್ಡ ಸಂಗತಿ ಎಂದು ತನ್ನನ್ನೇ ಬಯ್ದುಕೊಂಡ. ಆದರೂ ಮುಂದಿನ ತಗ್ಗು ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದ.

ಇಂದುಮತಿಬಾಯಿ ಜೋಕಾಲಿಯ ಮೇಲೆ ಕೂತು ಕೊತ್ತಂಬರಿ ಸೋಸುತ್ತಿದ್ದರು. ಅವನನ್ನು ನೋಡಿ, "ಇಷ್ಟ ಲಗೂನ ಮುಗೀತೇನು?" ಎಂದರು.

"ಇಲ್ಲ ಬಾಯಿ. ಹೇಳಿ ಹೋಗಬೇಕಂತ ಬಂದ್ನಿ." ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಮೂರು ಸಲ ಜೋಡಿಸಿಕೊಂಡಿದ್ದ. ಈಗ ಒಂದೂ ಸಿಗಲಿಲ್ಲ. "ಕೊಂಬಿನ್ಯಾಗ ಒಂದ ಜವಾರಿ ಉಳದೈತ್ರಿ. ಹ್ವಾದ ತಿಂಗಳ ಒಂದು ನಾ ಹಾಳ ಮಾಡೇನಿ. ಡಬ್ಬಿ ಹಚ್ಚಿಕೊಂಡು ಮಾಡಿದ್ನಿ ಬಾಯಿ. ನೀವು ಹೇಳಿದ್ದು ಖರೇನ. ಈಗ ಇದನ್ನ ಮುಟ್ಟಾಕ ನನಗ ಹಕ್ಕಿಲ್ಲ."

ಬಾಯಿ ಕೊತ್ತಂಬರಿಯ ಬೇರನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕುತ್ತಲೇ ಇದ್ದರು. ಅವನು ಬೈಗುಳಕ್ಕೆ ಕಾದ. ಸಮಾಧಾನಕ್ಕೂ ಕಾದ, ಅದು ಬಂದಿದ್ದರೆ ಎದ್ದುಹೋಗುತ್ತಿದ್ದ. ಅವರು ಕೈ ಒರೆಸಿಕೊಂಡು, "ಮೀಟೋ ಹುಡುಗಿ ಇವತ್ತ ಬಂದಿಲ್ಲ. ನನ್ನ ರಿಯಾಜು ನಿಂತದ. ಬಾ, ಇಲ್ಲಿ ಕೂಡು. ಮೀಟು" ಎಂದರು.

"ನಾನ್ರಿ?"

"ಮತ್ಯಾರು, ಆ ಬೆಕ್ಕು ಮೀಟತದೇನು?"

ಮೂವತ್ತೆಂಟು ವರ್ಷದಲ್ಲಿ ಬಾಬಾಲಾಲ ಸಾವಿರ ತಂಬೂರಿಗಳ ತಂತಿ ಮೀಟಿದ್ದ. ಆದರೆ ಹಾಡುವವರ ಹಿಂದೆ ಕೂತು ಒಮ್ಮೆಯೂ ಮೀಟಿರಲಿಲ್ಲ. ಅವನ ಮೀಟು ಕಿವಿಯ ಹತ್ತಿರ ಒಂದು, ತಡೆದು ಇನ್ನೊಂದು, ದೋಷ ಹುಡುಕುವ ಮೀಟು. ಗಲ್ಲಿಯ ಯಾರೂ ಹಾಗೆ ಕೂತವರಲ್ಲ. ಮಾಡುವವರು ಮಾಡಿಕೊಡುವುದು, ಹಾಡುವವರು ಹಾಡಿಕೊಳ್ಳುವುದು, ನಡುವೆ ಮೆಟ್ಟಿಲು. ಅವನು ಚಾಪೆಯ ಮೇಲೆ ಸಂಕೋಚದಿಂದ ಕಾಲು ಮಡಚಿ, ಬುರುಡೆಯನ್ನು ತೊಡೆಗೆ ಒರಗಿಸಿ, ನಡುಬೆರಳಿನಿಂದ ಪಂಚಮ, ತೋರುಬೆರಳಿನಿಂದ ಉಳಿದ ಮೂರು, ಹೀಗೆ ಸುತ್ತು ಹಾಕತೊಡಗಿದ. ಮೊದಲ ಐದು ನಿಮಿಷ ತನ್ನ ತಪ್ಪು ತನಗೇ ಕೇಳುತ್ತಿತ್ತು. ಡಬ್ಬಿಯ ದನಿ, ಎಳ್ಳಷ್ಟೂ ಬಿಡುವಿಲ್ಲದ, ನುಣ್ಣಗೆ ಬೋಳಿಸಿದ ದನಿ. ನಾಚಿಕೆಯಿಂದ ಕುತ್ತಿಗೆ ಬಗ್ಗಿಹೋಯಿತು. ಆಮೇಲೆ ಬಾಯಿ ಷಡ್ಜ ಹಚ್ಚಿದರು. ಬೆರಳು ತನ್ನ ಪಾಡಿಗೆ ತಿರುಗುತ್ತಿತ್ತು, ನಿಲ್ಲಿಸುವಂತಿರಲಿಲ್ಲ, ತಿದ್ದುವಂತೆಯೂ ಇರಲಿಲ್ಲ. ಮಾಡುವುದಕ್ಕೆ ಕೇಳುವುದೊಂದೇ ಉಳಿದಿತ್ತು. ಎಷ್ಟು ಹೊತ್ತು ಕಳೆಯಿತೋ, ಕಿಟಕಿಯ ಬಿಸಿಲು ಚಾಪೆಯ ಅಂಚು ದಾಟಿ ಬಂದಿತ್ತು. ಬಾಯಿ ಗಾಂಧಾರದ ಮೇಲೆ ನಿಂತವರು ಉಸಿರು ಸಾಲದೆ ಅದನ್ನು ಮೊದಲಿಗಿಂತ ಬೇಗ ಬಿಟ್ಟರು, ಬಿಡುವಾಗ ದನಿಯ ತುದಿಯಲ್ಲಿ ಒಂದು ಸಣ್ಣ ಗಾಳಿ ಉಳಿಯಿತು. ಮತ್ತೆ ಬಂದರು, ಮತ್ತೆ ಅಲ್ಲಿಯೇ ಬಿಟ್ಟರು. ಬಿಟ್ಟ ಜಾಗದಲ್ಲಿ ತಂಬೂರಿ ಅವರನ್ನು ಹಿಡಿದುಕೊಳ್ಳಲಿಲ್ಲ. ಕೂಗಿಕೊಂಡು ಮುಂದೆ ಹೋಯಿತು.

ಆಗ ಬಾಬಾಲಾಲನಿಗೆ ಹೊಳೆಯಿತು. ಅಬ್ಬಾ ಬಿಚ್ಚಿದ ಜವಾರಿ ಮೂವತ್ತೈದರ ಬಾಯಿಯದು. ಆ ದನಿ ತುಂಬಿದ ಹೊಳೆಯಂತಿತ್ತು, ಅದಕ್ಕೆ ದಂಡೆ ಸಾಕಾಗಿತ್ತು. ಆಮೇಲೆ ಮೂವತ್ತು ವರ್ಷ ಅವನು ಅದನ್ನೇ ನೆನಪಿನಿಂದ ಮತ್ತೆ ಮತ್ತೆ ಬಿಚ್ಚುತ್ತ ಬಂದಿದ್ದ. ಅಬ್ಬಾನ ನೆನಪು ಮಸುಕಾದ ಮೇಲೆ ಡಬ್ಬಿಯನ್ನು ಇಟ್ಟುಕೊಂಡ. ಅಷ್ಟೇ ವ್ಯತ್ಯಾಸ. ಎರಡೂ ಎರವಲು. ಈ ನಡುವೆ ಬಾಯಿಗೆ ವಯಸ್ಸಾಗಿದ್ದನ್ನು ಯಾರೂ ಆ ಕುದುರೆಗೆ ಹೇಳಿರಲಿಲ್ಲ. ಈಗ ಅವರಿಗೆ ಬೇಕಾದದ್ದು ದಂಡೆಯಲ್ಲ, ಹಿಡಿದುಕೊಳ್ಳುವ ಕೈ. ಉಸಿರು ಬಿಟ್ಟ ಕಡೆ ಒಂದು ಗಳಿಗೆ ಹೆಚ್ಚು ನಿಲ್ಲುವ ಪಂಚಮ. ಅಬ್ಬಾನಿಗೆ ಇದು ತಿಳಿಯುವ ಸಾಧ್ಯತೆ ಇರಲಿಲ್ಲ, ಅವರು ಎಪ್ಪತ್ತೈದರ ಬಾಯಿಯನ್ನು ಕೇಳಲೇ ಇಲ್ಲ. ಕೇಳಿದವನು ತಾನು. ಇಡೀ ಗಲ್ಲಿಯಲ್ಲಿ, ಇಡೀ ಮಿರಜಿನಲ್ಲಿ, ಇದನ್ನು ಕೇಳಿದವನು ತಾನೊಬ್ಬನೇ. ಎದೆಯೊಳಗೆ ಎದ್ದದ್ದು ಹೆಮ್ಮೆ ಎಂದು ಅವನಿಗೆ ಗೊತ್ತಾಯಿತು. ಬಹಳ ದಿನವಾಗಿತ್ತು, ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಬಾಯಿ, ನಿಲ್ಲಸ್ರಿ" ಎಂದ. ಹಾಡುವವರನ್ನು ಹಾಗೆ ನಡುವೆ ತಡೆಯುವುದು ಅಪಚಾರ. ಬಾಯಿ ಕಣ್ಣು ತೆರೆದರು.

"ಯಾಕೋ?"

"ನಾ ಒಂದ್ ಸುತ್ತ ಹೊರಗ ಹೋಗಿ ಬರ್ತೀನಿ. ಬಂದ ಮ್ಯಾಲೆ ಮುಟ್ಟತೀನಿ."

"ಹಕ್ಕಿಲ್ಲ ಅಂದಿದ್ದಿ?"

"ಅಂದಿದ್ನಿ. ಈಗ ನನ್ನ ಬಿಟ್ರ ಬ್ಯಾರೆ ಯಾರಿಗೂ ಇಲ್ಲ."

ಬಾಯಿಯ ತುಟಿಯ ಕೊನೆ ಸ್ವಲ್ಪ ಮೇಲೆ ಹೋಯಿತು. "ಹೋಗಿ ಬಾ. ಅಷ್ಟರಾಗ ಚಹಾಕ್ಕಿಡತೀನಿ" ಎಂದರು. ಅವನು ರಸ್ತೆಯ ತುದಿಯವರೆಗೆ ನಡೆದ. ಸೈಕಲ್ಲು ಸೈಕಲ್ಲಿನ ಹಾಗೆ, ಕಾಗೆ ಕಾಗೆಯ ಹಾಗೆ ಕೇಳಿಸಿತು, ಯಾವುದೂ ಯಾವುದರ ಮೇಲೂ ಕೂರಲಿಲ್ಲ. ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು, ಎಷ್ಟಾದವೆಂದು ಕೇಳುವ ಓಸವಾಳ ಶೇಟ್. "ಏಳು ಆಗ್ಯಾವ್ರಿ. ಆದ್ರ ಕಳಸೂದಿಲ್ಲ. ಮತ್ತ ಕೂಡಬೇಕು ಅವುಗಳ ಮುಂದ. ಯಾರು ಹಾಡವ್ರು ಅಂತ ಒಂದೊಂದರ ಹೆಸರು ಬರದು ಕಳಸ್ರಿ, ಹೆಣ್ಣೋ ಗಂಡೋ, ವಯಸ್ಸೆಷ್ಟು, ಎಲ್ಲಾ. ಎರಡ ತಿಂಗಳಾದ್ರೂ ಬೇಕು" ಎಂದು ಬಾಬಾಲಾಲ ಹೇಳಿದ. ಶೇಟ್ ಅತ್ತ ಕಡೆಯಿಂದ, "ಬಾಬಾಲಾಲ, ಮದುವಿಗೆ ಹೆಣ್ಣು ನೋಡಾಕ ಹೊಂಟೀಯೇನು? ತಂಬೂರಿ ಸಾಕಪಾ ನನಗ. ಬ್ಯಾರೆದವ್ರು ಹದಿನೈದು ದಿನದಾಗ ಕೊಡತಾರ" ಎಂದು ರೇಗಿದರು. "ಹೌದ್ರಿ, ಕೊಡತಾರ. ಅವರ ಕಡೆ ತಗೋರಿ" ಎಂದು ಬಾಬಾಲಾಲ ಹೇಳಿದ್ದು ಸಿಟ್ಟಿನಿಂದಲ್ಲ. ಶೇಟ್ ಏನೋ ಗೊಣಗಿ, "ನಾಳೆ ಹೇಳತೀನಿ ತಡಿ" ಎಂದು ಫೋನು ಇಟ್ಟರು. ನಾಳೆ ಬೇಡವೆಂದೂ ಹೇಳಬಹುದು. ಅದರ ಹೆದರಿಕೆ ಇರಲಿಲ್ಲವೆಂದಲ್ಲ. ಹೆದರಿಕೆಗಿಂತ ಅವಸರ ಹೆಚ್ಚಾಗಿತ್ತು, ಅವನಿಗೆ ವಾಪಸು ಹೋಗಬೇಕಿತ್ತು.

ದನಿ ಅರಳಲೆಂದು ತಂತಿಯ ಅಡಿ ಸಿಕ್ಕಿಸಿದ್ದ ನೂಲಿನ ಎಳೆಗಳನ್ನು ತೆಗೆದು ತುಟಿಯಲ್ಲಿ ಹಿಡಿದುಕೊಂಡ. ಪಂಚಮದ ತಂತಿಯನ್ನು ಪಕ್ಕಕ್ಕೆ ಸರಿಸಿ, ಅಭ್ಯಾಸದಂತೆ ಜೇಬಿನಲ್ಲೇ ಬಂದಿದ್ದ ಕಾನಸನ್ನು ಕೊಂಬಿನ ಹಿಂಬದಿಯ ಇಳಿಜಾರಿನ ಮೇಲಿಟ್ಟ. ಅಬ್ಬಾ ಎಂದೂ ಅಲ್ಲಿ ಇಡುತ್ತಿರಲಿಲ್ಲ. ಒಂದು ಎಳೆತ. ಉಗುರಿನ ಮೇಲೆ ಬಿಳಿ ಧೂಳು ಬಿತ್ತು. ಎರಡು. ತಂತಿ ಕೂರಿಸಿ, ಮೀಟಿ, ಕೇಳಿ, ಎದ್ದು ಬಾಗಿಲವರೆಗೆ ಹೋಗಿ ಬಂದ. ಬಾಯಿ ಜೋಕಾಲಿಯ ಸರಪಳಿ ಸದ್ದಾಗದ ಹಾಗೆ ಕಾಲು ನೆಲಕ್ಕೆ ಊರಿ ಕೂತಿದ್ದರು. ಚಹಾ ಆರಿ ಕೆನೆಗಟ್ಟಿತ್ತು. ಮೂರನೆಯ ಎಳೆತಕ್ಕೆ ಕೊಂಬಿನೊಳಗೆ ಕಪ್ಪು ಇನ್ನಷ್ಟು ಮೇಲೆ ಬಂದು ಕಂಡಿತು, ಇನ್ನೊಂದು ಎಳೆದರೆ ಕಟ್ಟಿಗೆ. ಕೈ ತಾನಾಗಿಯೇ ನಿಂತಿತು. ಮೂವತ್ತೆಂಟು ವರ್ಷದಲ್ಲಿ ಆ ಕೈ ಸಾವಿರ ಸಲ ನಿಂತಿತ್ತು, ಕಿವಿ ಸಾಕು ಅಂದದ್ದಕ್ಕೋ, ಡಬ್ಬಿ ಸಾಕು ಅಂದದ್ದಕ್ಕೋ. ಇವತ್ತು ಯಾರೂ ಏನೂ ಅನ್ನಲಿಲ್ಲ. ಅವನು ನೂಲಿನ ಎಳೆಗಳನ್ನು ಒಂದೊಂದಾಗಿ ತಂತಿಯ ಅಡಿ ಸೇರಿಸಿ, ತುಸು ಹಿಂದೆ, ಇನ್ನೂ ತುಸು ಹಿಂದೆ ಸರಿಸಿ, ಮೀಟಿದ.

ಪಂಚಮ ಎದ್ದಿತು. ಎದ್ದು ನಡುವಿನ ಜೋಡಿ ತಂತಿಗೆ ಜಾಗ ಬಿಟ್ಟು, ಖರ್ಜಕ್ಕೆ ಜಾಗ ಬಿಟ್ಟು, ಮುಗಿಯಿತು ಎನ್ನುವ ಹೊತ್ತಿಗೆ ಮುಗಿಯದೆ, ಕೋಣೆಯ ನಡುವೆ ಅಂಗೈ ಚಾಚಿದ ಹಾಗೆ ನಿಂತಿತು. ಅಬ್ಬಾನ ಕೈಯಿಂದ ಇಂಥದ್ದು ಬಂದಿರಲಿಲ್ಲ, ಅವನ ಕೈಯಿಂದಲೂ ಬಂದಿರಲಿಲ್ಲ. ಕೊಂಬು ಮುಗಿಯಿತು, ಇನ್ನು ಯಾರೂ ಇದನ್ನು ತಿದ್ದುವಂತಿಲ್ಲ, ತಾನೂ ಕೂಡ. ಬಾಯಿ ಜೋಕಾಲಿಯಿಂದ ಇಳಿದು ಬಂದು ಎದುರಿಗೆ ಕೂತರು. ಅವರ ಕಣ್ಣು ತುಂಬಿದ್ದನ್ನು ಅವನು ನೋಡಿದ, ಆದರೆ ಹೇಗಾಗಿದೆ ಎಂದು ಕೇಳಲಿಲ್ಲ. ಅವರು ಎರಡೂ ಕೈ ಚಾಚಿದರು.

"ಕೊಡು ಇಲ್ಲಿ. ಹಾಡತೀನಿ."

ಬಾಬಾಲಾಲ ಬುರುಡೆಯನ್ನು ತನ್ನ ಕಡೆಗೇ ಎಳೆದುಕೊಂಡ.

"ತಡೀರಿ ಬಾಯಿ. ನಾ ಕೇಳೂದು ಇನ್ನೂ ಮುಗದಿಲ್ಲ."